ಉದರಶೂಲೆಯ ವೃತ್ತಾಂತವೂ ಅಂತಃಸ್ರಾವಗಳ ಶಾಸ್ತ್ರವೂ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಮಸರಕಲ್ ಗ್ರಾಮವು ದಾಸಸಾಹಿತ್ಯದ ಚರಿತ್ರೆಯಲ್ಲಿ ಮೊಸರಕಲ್ಲೆಂಬ ಹೆಸರಿನಿಂದ ವಿದಿತವಾಗಿದೆ. ಗೋಪಾಲದಾಸರ ಜನ್ಮಸ್ಥಳವಿದೇ. ಅವರ ಪೂರ್ವನಾಮವು ಭಾಗಣ್ಣ. ಚೀಕಲಪರವಿಯ ವಿಜಯದಾಸರು (೧೬೮೨–೧೭೫೫) ಅವರ ಗುರುಗಳು. ಇವರಿಗೆ ಸಂಬಂಧಿಸಿದ ಒಂದು ಪ್ರಸಿದ್ಧ ವೃತ್ತಾಂತವನ್ನು ಮುಂದಿಟ್ಟುಕೊಂಡು, ದೇಹದ ರಸಗಳಿಗೂ ಮನಸ್ಸಿನ ಭಾವಗಳಿಗೂ ಇರುವ ಸಂಬಂಧದ ವಿಚಾರವು ಬೆಳೆದುಬಂದ ಬಗೆಯನ್ನು ಇಲ್ಲಿ ಪರಿಶೀಲಿಸುವೆವು.

ಮಾನವಿ ಸೀಮೆಯ ಬ್ಯಾಗವಟ್ಟಿನ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಉದ್ದಾಮ ಪಂಡಿತರು. ಕನ್ನಡದಲ್ಲಿ ಪದ ಹಾಡುವ ದಾಸರನ್ನು ಲಘುವಾಗಿ ಎಣಿಸಿದ ಅವರು, ವಿಜಯದಾಸರು ಭೋಜನಕ್ಕೆ ಕರೆಯಲು ಹೊಟ್ಟೆನೋವಿನ ನೆಪವನ್ನೊಡ್ಡಿದರಂತೆ. ನೆಪವೇ ನಿಜವಾಯಿತು. ಉದರಶೂಲೆಯಿಂದ ಬಳಲಿ ವಿಜಯದಾಸರ ಮೊರೆಹೊಗಲು, ಅವರು ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ೪೦ ವರ್ಷಗಳನ್ನು ಧಾರೆಯೆರೆದರೆಂದು ಸಂಪ್ರದಾಯವು ಹೇಳುತ್ತದೆ. ಮುಂದೆ ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು (೧೭೨೮–೧೮೦೯) ಈ ಶ್ರೀನಿವಾಸಾಚಾರ್ಯರೇ.

ಈ ಕಥೆಯನ್ನು ಇಂದಿನವರು ಎರಡು ಬಗೆಯಾಗಿ ವ್ಯಾಖ್ಯಾನಿಸುವುದುಂಟು. ಮನೋವಿಕಾರದಿಂದ ದೇಹವಿಕಾರವುಂಟಾಯಿತೆಂದ ಮೇಲೆ ಹಾರ್ಮೋನುಗಳ ತತ್ತ್ವವು ನಮ್ಮ ಪೂರ್ವಿಕರಿಗೆ ತಿಳಿದಿದ್ದಿತೆಂಬುದು ಒಂದು ಪಕ್ಷ. ಗರ್ವ, ಪಶ್ಚಾತ್ತಾಪ, ಕಾರುಣ್ಯಗಳೆಲ್ಲವೂ ಗ್ರಂಥಿಗಳ ಸ್ರಾವವಲ್ಲದೆ ಬೇರಲ್ಲವೆಂಬುದು ಇನ್ನೊಂದು. ಎರಡೂ ಪ್ರಮಾಣಕ್ಕೆ ನಿಲ್ಲತಕ್ಕವುಗಳಲ್ಲ.

ಮೊದಲನೆಯ ಪಕ್ಷವನ್ನು ನೋಡೋಣ. ಕಾಮ, ಶೋಕ, ಭಯಗಳಿಂದ ವಾತವೂ, ಕ್ರೋಧದಿಂದ ಪಿತ್ತವೂ ಪ್ರಕೋಪಗೊಳ್ಳುವುವೆಂದು ಚರಕಸಂಹಿತೆಯ ಜ್ವರಚಿಕಿತ್ಸಾಪ್ರಕರಣವು ಹೇಳುವುದು ನಿಜ. ಭಾವವು ದೇಹವನ್ನು ಕಲಕುವುದೆಂಬ ಅನುಭವವು ಅಲ್ಲಿ ಸ್ಪಷ್ಟವಾಗಿದೆ. ಆದರೆ ದೋಷಗಳು ಮೂರು. ಅವು ರೋಗಾರೋಗ್ಯಗಳನ್ನು ವಿವರಿಸಲು ಕಲ್ಪಿತವಾದ ತತ್ತ್ವಗಳು. ಹಾರ್ಮೋನುಗಳಾದರೋ ಹತ್ತಾರು, ಒಂದೊಂದೂ ಬೇರ್ಪಡಿಸಿ ಪರೀಕ್ಷಿಸಬಹುದಾದ ದ್ರವ್ಯ. ೧೯೦೨ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ಕರುಳಿಗೆ ಹೋಗುವ ನರಗಳನ್ನು ಕತ್ತರಿಸಿದ ಮೇಲೆಯೂ, ಆಮ್ಲವು ಕರುಳನ್ನು ಸೋಕಿದೊಡನೆ ಮೇದೋಜೀರಕಗ್ರಂಥಿಯು ರಸವನ್ನು ಸುರಿಸುವುದನ್ನು ಕಂಡರು. ಸಂದೇಶವು ನರದ ಮೂಲಕವಲ್ಲದೆ ರಕ್ತದ ಮೂಲಕವೂ ಸಂಚರಿಸುವುದೆಂದು ಇದರಿಂದ ಸಿದ್ಧವಾಯಿತು. ಆ ದ್ರವ್ಯಕ್ಕೆ ಅವರು ಸೆಕ್ರೆಟಿನ್ ಎಂದು ಹೆಸರಿಟ್ಟರು. ಇಂಥ ದ್ರವ್ಯಗಳಿಗೆಲ್ಲ ಸ್ಟಾರ್ಲಿಂಗನು ೧೯೦೫ರಲ್ಲಿ ‘ಹಾರ್ಮೋನ್’ ಎಂಬ ಸಾಮಾನ್ಯ ನಾಮವನ್ನು ಬಳಸಿದನು. ಪ್ರಚೋದಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಶಬ್ದವಿದು. ಈ ಶಾಸ್ತ್ರವೂ ಉದರದಿಂದಲೇ ಆರಂಭವಾಯಿತೆಂಬುದು ಸ್ವಾರಸ್ಯಕರವಾದರೂ, ಅಷ್ಟರಿಂದ ನಮ್ಮ ಕಥೆಗೆ ಅದು ಸಾಕ್ಷಿಯಾಗಲಾರದು.

ಇನ್ನು ಎರಡನೆಯ ಪಕ್ಷ. ಭಯಕ್ರೋಧಗಳಲ್ಲಿ ಅಡ್ರಿನಲಿನ್ ರಕ್ತದಲ್ಲಿ ಹೆಚ್ಚಿ, ಎದೆ ಬಡಿದುಕೊಂಡು, ಜೀರ್ಣಕ್ರಿಯೆಯು ಕುಂಠಿತವಾಗುವುದನ್ನು ಅಮೆರಿಕದ ಕ್ಯಾನನ್ ೧೯೧೫ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಹಾಗಾದರೆ ಆ ದ್ರವ್ಯವೇ ಭಯವೆನ್ನಬಹುದೆ? ಸ್ಪೇನಿನ ವೈದ್ಯ ಮಾರನ್ಯೋನನು ಅದನ್ನೇ ಅನೇಕ ರೋಗಿಗಳಿಗೆ ಚುಚ್ಚಿ ನೋಡಿ, ಫಲಿತಾಂಶವನ್ನು ೧೯೨೪ರಲ್ಲಿ ಪ್ರಕಟಿಸಿದನು. ಬಹುಮಂದಿಗೆ ಕಂಪನಾದಿ ದೇಹವಿಕಾರಗಳು ಮಾತ್ರ ತೋರಿದುವು. ಭಾವವನ್ನು ಹೇಳಿಕೊಂಡವರಲ್ಲಿಯೂ ಹೆಚ್ಚಿನವರು ‘ಹೆದರಿದಂತಿದೆ’ ಎಂದರೇ ಹೊರತು ‘ಹೆದರಿದ್ದೇನೆ’ ಎನ್ನಲಿಲ್ಲ.

ಸಾಹಿತ್ಯೋಪಾಧ್ಯಾಯರಿಗೆ ಈ ‘ಅಂತೆ’ ಎಂಬ ಪದವು ಪರಿಚಿತವಾದ ಪ್ರಶ್ನೆಯನ್ನೇ ನೆನಪಿಗೆ ತರುವುದು. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯಗಳೆಂಬ ಎಂಟನ್ನೂ ಭರತನು ಸಾತ್ತ್ವಿಕಭಾವಗಳೆಂದು ಗಣಿಸಿದನು. ಹರ್ಷದಲ್ಲಿಯೂ ಅಶ್ರುವುಂಟು, ಶೋಕದಲ್ಲಿಯೂ ಉಂಟು. ಲಕ್ಷಣವು ಯಾವ ಭಾವದ್ದೆಂದು ವಿಭಾವವನ್ನರಿಯದೆ ನಿರ್ಣಯಿಸಲಾಗದು. ಭರತನಿಗೆ ಅಡ್ರಿನಲಿನ್ನಿನ ಜ್ಞಾನವಿರಲಿಲ್ಲ. ಆದರೆ ದೇಹದ ಚಿಹ್ನೆಯೊಂದೇ ಭಾವವಾಗದೆಂಬ ವಿವೇಕವಿದ್ದಿತು. ಪೂರ್ವಿಕರಿಗೆ ನ್ಯಾಯವಾಗಿ ಸಲ್ಲತಕ್ಕ ಗೌರವವಿದು.

ಇದರಿಂದ ಅಂತಃಸ್ರಾವಗಳ ಪ್ರಭಾವವು ಅಲ್ಪವೆಂದು ತಿಳಿಯಲಾಗದು. ಕೊರಳಿನ ಥೈರಾಯ್ಡ್ ಗ್ರಂಥಿಯ ಸ್ರಾವವು ಅತಿಯಾದರೆ ಉದ್ವೇಗವೂ ಸಿಡುಕೂ ತಲೆದೋರುವುವು. ಕೊರತೆಯಾದರೆ ಜಡತೆಯೂ ಖಿನ್ನತೆಯೂ ಉಂಟಾಗಬಹುದು. ಕಾರಣವು ಸ್ರಾವದ ಏರುಪೇರಾದಲ್ಲಿ ಉಪದೇಶದಿಂದ ಅದು ನೀಗದು, ಚಿಕಿತ್ಸೆಯೇ ಬೇಕು. ಆದಕಾರಣ ಈ ವೃತ್ತಾಂತವನ್ನು ಪಾಠ ಹೇಳುವವರು ಒಂದು ಎಚ್ಚರಿಕೆಯನ್ನು ವಹಿಸಬೇಕು. ಆಚಾರ್ಯರ ಶೂಲೆಯು ಗರ್ವದ ಫಲವೆಂದು ಕಥೆಯು ಹೇಳುವುದು ಧರ್ಮಬೋಧೆಗಾಗಿ. ಅದನ್ನೇ ಲೋಕನಿಯಮವೆಂದು ಬೋಧಿಸಿದರೆ, ತರಗತಿಯಲ್ಲಿ ಕುಳಿತ ಒಬ್ಬ ರೋಗಪೀಡಿತ ಬಾಲಕನೋ ಬಾಲಕಿಯೋ ತನ್ನ ಬೇನೆಯನ್ನು ತನ್ನ ಪಾಪವೆಂದು ನಂಬೀತು. ಬಾಲ್ಯದಿಂದಲೂ ಈ ಕಥೆಯನ್ನು ಕೇಳಿ, ಹೇಳುತ್ತ ಬಂದಿರುವ ನನಗೆ ಈ ಅಪಾಯವು ಬಹುಕಾಲ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳುವುದು ಯುಕ್ತ.

ಕಥೆಯ ಜೀವವಾದರೋ ಬೇರೆಡೆಯಲ್ಲಿದೆ. ನೋವಿನಲ್ಲಿರುವವನು ಹಿಂದೆ ತಮ್ಮ ಗುರುವನ್ನು ತಿರಸ್ಕರಿಸಿದವನೆಂದು ತಿಳಿದೂ ಭಾಗಣ್ಣನವರು ಅವನ ತಪ್ಪನ್ನು ಎಣಿಸಲಿಲ್ಲ. ತಮ್ಮ ಆಯುಸ್ಸನ್ನೆಣಿಸಿ ಕೊಟ್ಟರು. ಆ ಕಾರುಣ್ಯದ ವೇಳೆಯಲ್ಲಿ ಅವರ ರಕ್ತದಲ್ಲಿಯೂ ಯಾವುದೋ ಸ್ರಾವವು ಹರಿದಿರಬೇಕು, ದೇಹಧಾರಿಗಳಿಗೆ ಅದು ಸಹಜ. ಆದರೆ ಯಾರಿಗಾಗಿ, ಏತಕ್ಕಾಗಿ ಎಂಬುದಕ್ಕೆ ಉತ್ತರವನ್ನು ಗ್ರಂಥಿಯಲ್ಲಿ ಹುಡುಕತಕ್ಕದ್ದಲ್ಲ. ಮಸರಕಲ್ಲಿನ ಆ ದಾಸರ ಜೀವಿತದಲ್ಲಿ ಹುಡುಕತಕ್ಕದ್ದು.