ಹಲಗೆ ಬಾಗಿಲ ಅಂಗಡಿಗಳು

ಕೋಲಾರದ ಪೇಟೆಯಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. ಈಗಿರುವ ಅಂಗಡಿಯ ಹೆಸರು ಹೇಳುವವರು ಕಡಿಮೆ. "ಹಳೇ ಸೀಮೆಎಣ್ಣೆ ಡಿಪೋ ದಾಟಿ ಎಡಕ್ಕೆ ತಿರುಗಿ" ಎನ್ನುತ್ತಾರೆ. ಡಿಪೋ ಮುಚ್ಚಿ ಎಷ್ಟೋ ವರ್ಷಗಳಾದವು. ಅಲ್ಲೀಗ ಮೊಬೈಲ್ ರಿಪೇರಿ ನಡೆಯುತ್ತದೆ. ನಾವೂ ಹಾಗೆಯೇ ದಾರಿ ಹೇಳುತ್ತೇವೆ, ನಮ್ಮ ಮಕ್ಕಳು ನಗುತ್ತಾರೆ.

ಫ್ಲೆಕ್ಸ್ ಬೋರ್ಡಿನ ಹಿಂದೆ ಕಣ್ಣು ಹಾಯಿಸಿದರೆ ಹಳೆಯ ಕಟ್ಟಡ ಅಲ್ಲಲ್ಲಿ ಇನ್ನೂ ಉಳಿದಿದೆ. ನಮ್ಮ ಸೀಮೆಯಲ್ಲಿ ನೀರಿಗೆ ಬರವಿರಬಹುದು, ಕಲ್ಲಿಗಿಲ್ಲ. ಚಪ್ಪಡಿಯೇ ಜಗಲಿ, ಚಪ್ಪಡಿಯೇ ಮಾಡು. ಮಾಲೂರಿನ ಕಡೆ ಹೋದರೆ ಹೆಂಚು ಕಾಣುತ್ತದೆ. ಅಲ್ಲಿನ ಮಣ್ಣು ಇಟ್ಟಿಗೆ ಹೆಂಚುಗಳಿಗೆ ಹೆಸರಾದದ್ದು, 1864ರಲ್ಲಿ ಬೆಂಗಳೂರಿಗೆ ಬಂದ ಮದರಾಸಿನ ರೈಲು ಮಾಲೂರನ್ನು ಹಾದೇ ಬಂದದ್ದು. ಶ್ರೀನಿವಾಸಪುರದ ಮಾವಿನ ಮಂಡಿಗಳಿಗೆ ಸುಗ್ಗಿಯಲ್ಲಿ ಮಾತ್ರ ಜೀವ. ಮುಳಬಾಗಿಲಿನಲ್ಲಿ ಹೆದ್ದಾರಿ ಊರ ಹೊರಗೆ ಹೋದ ಮೇಲೆ ಹಳೇ ರಸ್ತೆಯ ಅಂಗಡಿಗಳ ಗತ್ತೇ ಬೇರೆಯಾಯಿತು.

ಆದರೆ ಎಲ್ಲ ಊರಿನ ಅಂಗಡಿಗೂ ಜಗಲಿಯಿತ್ತು. ಅದು ಬರೀ ಮೆಟ್ಟಿಲಲ್ಲ. ಹಳ್ಳಿಯಿಂದ ಬಂದವರು ಗಂಟು ಇಳಿಸಿ ಸಂಜೆಯ ಬಸ್ಸಿಗೆ ಕಾಯುತ್ತಿದ್ದುದು ಅಲ್ಲೇ, ಹುಡುಗಿಯ ಕಡೆಯವರನ್ನು ವಿಚಾರಿಸುತ್ತಿದ್ದುದೂ ಅಲ್ಲೇ. ಕನ್ನಡ, ತೆಲುಗು, ದಖನಿ ಮೂರೂ ಒಂದೇ ಮಾತಿನಲ್ಲಿ ಬೆರೆಯುತ್ತಿದ್ದವು. 1956ರ ಕಾಯ್ದೆ ಕಿಲೋ ತಂದು ಸೇರನ್ನು ಓಡಿಸಿತ್ತು. 1957ರ ಏಪ್ರಿಲ್ 1ರಂದು ಬಂದ ನಯಾ ಪೈಸೆ ಆಣೆಯನ್ನು ಕಳಿಸಿತ್ತು. ನಾವು ಹುಟ್ಟಿದ್ದು ಅದಾದ ಎಷ್ಟೋ ವರ್ಷಕ್ಕೆ. ಆದರೂ ನಮ್ಮ ದಾದಿ "ಒಂದು ಪಾವು ಬೇಳೆ" ಎಂದೇ ಹೇಳಿಕಳಿಸುತ್ತಿದ್ದರು, ಶೆಟ್ಟರು ತಕ್ಕಡಿಯಲ್ಲಿ ಅದನ್ನು ಸರಿಯಾಗಿಯೇ ತೂಗಿ ಕೊಡುತ್ತಿದ್ದರು.

ಆ ಶೆಟ್ಟರ ಅಂಗಡಿ ನಮ್ಮ ಮೊಹಲ್ಲಾದ ಮಸೀದಿಯ ಮಳಿಗೆ. ಅವರು ಕೊಡುವ ಬಾಡಿಗೆಯಿಂದ ಮುಅಜ್ಜಿನರ ಸಂಬಳ, ದೀಪದ ಖರ್ಚು ನಡೆಯುತ್ತಿತ್ತು. ರಂಜಾನಿನಲ್ಲಿ ಖರ್ಜೂರವನ್ನು ಉದ್ರಿ ಕೊಟ್ಟು ಹಬ್ಬದ ಮಾರನೆಯ ದಿನದವರೆಗೆ ಕೇಳುತ್ತಿರಲಿಲ್ಲ. "ಏನಪ್ಪಾ, ಅಜ್ಜಿ ರೋಜಾ ಇದ್ದಾರಾ? ಆಗದಿದ್ದರೆ ಬಿಡೋಕೆ ಹೇಳು" ಎನ್ನುತ್ತಿದ್ದರು. ಇದನ್ನು ಸೌಹಾರ್ದವೆಂದು ಯಾರೂ ಕರೆಯುತ್ತಿರಲಿಲ್ಲ. ವ್ಯಾಪಾರವೆನ್ನುತ್ತಿದ್ದರು.

ಆ ಮಳಿಗೆಯನ್ನು ಯಾರು, ಯಾವಾಗ ಮಸೀದಿಗೆ ಬಿಟ್ಟರು? ಹಿರಿಯರ ಬಾಯಲ್ಲಿ ಉತ್ತರವಿತ್ತು, ಪೆಟ್ಟಿಗೆಯಲ್ಲಿ ಕಾಗದವಿರಲಿಲ್ಲ. ಇಂಥ ಆಸ್ತಿಗಳಿಗೆ ಕಾನೂನಿನಲ್ಲಿ 'ಬಳಕೆಯಿಂದ ವಕ್ಫ್' ಎಂಬ ಮಾತಿತ್ತು: ಬಹುಕಾಲದ ಬಳಕೆಯೇ ಸಾಕ್ಷಿ. 2025ರ ತಿದ್ದುಪಡಿ ಮುಂದಿನದಕ್ಕೆ ಆ ಬಾಗಿಲು ಮುಚ್ಚಿತು. ಮೊದಲೇ ನೋಂದಾಯಿತವಾದವು ವ್ಯಾಜ್ಯವಿಲ್ಲದಿದ್ದರೆ, ಸರಕಾರಿ ಆಸ್ತಿಯಲ್ಲದಿದ್ದರೆ ಉಳಿಯುತ್ತವೆ ಎಂದಿತು. ವಿವರಗಳನ್ನು ಆರು ತಿಂಗಳೊಳಗೆ ಪೋರ್ಟಲಿಗೆ ಏರಿಸಲೂ ಹೇಳಿತು. ಆಗ ನಮ್ಮವರು ಹಳೇ ರಸೀದಿಗಳನ್ನು ಹುಡುಕಲು ಕೂತರು. ತಪ್ಪು ನಮ್ಮದೂ ಇದೆ. ಬಾಡಿಗೆ ವಸೂಲಿಗೆ ತೋರಿದ ಶ್ರದ್ಧೆಯ ಕಾಲು ಭಾಗವನ್ನು ಕಾಗದ ಜೋಪಾನಕ್ಕೆ ತೋರಿರಲಿಲ್ಲ.

ಕೊನೆಗೆ ಕಾಗದ ಸಿಕ್ಕಿದ್ದು ಶೆಟ್ಟರ ಮಗನ ಮನೆಯಲ್ಲಿ. ಅಪ್ಪ ಕಟ್ಟಿದ ಪ್ರತಿ ಬಾಡಿಗೆಯ ಚೀಟಿಯನ್ನೂ ತಂತಿಗೆ ಚುಚ್ಚಿ ಇಟ್ಟಿದ್ದರು. ಒಂದಷ್ಟಕ್ಕೆ ಗೆದ್ದಲು ಹತ್ತಿತ್ತು. ಕೆಲವು ಉರ್ದುವಿನಲ್ಲಿದ್ದವು, ಓದಿ ಹೇಳಲು ನಮ್ಮನ್ನು ಕರೆದರು. ನಾವು ಓದಿದೆವು, ಅವರು ಬರೆದುಕೊಂಡರು.

ಜಗಲಿ ರಸ್ತೆ ಅಗಲಿಸಿದಾಗಲೇ ಹೋಯಿತು, ಬಾಗಿಲಿಗೆ ಕಬ್ಬಿಣದ ಶಟರ್ ಬಂದಿದೆ. ಹಿಂದೆ ಆ ಅಂಗಡಿಗೆ ಹನ್ನೊಂದು ಹಲಗೆಗಳ ಬಾಗಿಲು. ರಾತ್ರಿ ಸಾಲು ತಪ್ಪದಂತೆ ಸೇರಿಸಲು ಬಡಗಿ ಪ್ರತಿ ಹಲಗೆಯ ಮೇಲೆ ಅಂಕಿ ಕೆತ್ತಿದ್ದ. ಈಗಿನ ಮೊಬೈಲ್ ಅಂಗಡಿಯ ಹುಡುಗ ಅವುಗಳಲ್ಲಿ ಎರಡನ್ನು ಒಳಗೆ ಶೆಲ್ಫ್ ಮಾಡಿಕೊಂಡಿದ್ದಾನೆ. ಚಾರ್ಜರುಗಳ ಹಿಂದೆ ಬಗ್ಗಿ ನೋಡಿದರೆ ನಾಲ್ಕು ಮತ್ತು ಒಂಬತ್ತು ಕಾಣುತ್ತವೆ.