ಆಟದ ಗಣಕಯಂತ್ರ ಮತ್ತು ಕುಂಟೆತ್ತು



ಚರಿತ್ರೆಯೆಂದರೆ ಅರಸರ ಕಾಳಗ, ಒಪ್ಪಂದಗಳಷ್ಟೇ ಅಲ್ಲವೆಂದು ನಾನು ತರಗತಿಯಲ್ಲಿ ಪದೇ ಪದೇ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಮನೆಯ ಮೇಜಿನ ಮೇಲಿನ ಗಣಕಯಂತ್ರಕ್ಕೂ ಒಂದು ಚರಿತ್ರೆಯಿದೆ. ಆಟವಾಡುವವರು ತಮ್ಮಲ್ಲಿದ್ದ ಯಂತ್ರದಿಂದಲೇ ಹೆಚ್ಚಿನ ವೇಗ ಪಡೆಯಲು ನಡೆಸಿದ ಪ್ರಯತ್ನಗಳು ಅದರಲ್ಲೊಂದು ಸ್ವಾರಸ್ಯಕರ ಅಧ್ಯಾಯ. ಜೋಡೆತ್ತುಗಳಲ್ಲಿ ಒಂದು ಕುಂಟಿದರೆ ಬಂಡಿ ಸಾಗುವುದು ಕುಂಟೆತ್ತಿನ ವೇಗದಲ್ಲಿಯೇ. ಆ ಕುಂಟೆತ್ತು ಯಾವುದೆಂದು ಗುರುತಿಸಿದವರ ಕಥೆಯಿದು.

1981ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಅದರ ಇಂಟೆಲ್ 8088 ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಸ್. ಅದು ಗುರುತಿಸಬಲ್ಲ ಮೆಮೊರಿ ಒಂದು ಮೆಗಾಬೈಟ್ ಮಾತ್ರ. ಅದರಲ್ಲಿಯೂ ಮೇಲಿನ 384 ಕಿಲೋಬೈಟ್ ಪರದೆ ಮೊದಲಾದವುಗಳಿಗೆ ಮೀಸಲು. ಪ್ರೋಗ್ರಾಮುಗಳಿಗೆ ಉಳಿದದ್ದು 640. ಆರಂಭದ ಹಲವು ಆಟಗಳು ಪ್ರೊಸೆಸರಿನ ವೇಗವನ್ನೇ ಗಡಿಯಾರವಾಗಿ ಬಳಸುತ್ತಿದ್ದುದರಿಂದ, ಹೊಸ ಯಂತ್ರಗಳಲ್ಲಿ ಅವು ಆಡಲಾಗದಷ್ಟು ವೇಗವಾಗಿ ಓಡತೊಡಗಿದವು. ಆ ಕಾಲದ ಪೆಟ್ಟಿಗೆಗಳ ಮುಂಭಾಗದಲ್ಲಿದ್ದ 'ಟರ್ಬೊ' ಗುಂಡಿಯ ನಿಜವಾದ ಉಪಯೋಗ ಯಂತ್ರವನ್ನು ನಿಧಾನಗೊಳಿಸುವುದೇ ಆಗಿತ್ತೆಂದರೆ ನಗು ಬರುತ್ತದೆ.

ತೊಂಬತ್ತರ ದಶಕದಲ್ಲಿ ಮನೆಯ ಯಂತ್ರಗಳಿಗೆ ನಾಲ್ಕು ಮೆಗಾಬೈಟ್ ಮೆಮೊರಿ ಬಂದರೂ ಡಾಸ್ ವ್ಯವಸ್ಥೆಯಲ್ಲಿ ಆ 640ರ ಗೋಡೆ ಹಾಗೆಯೇ ನಿಂತಿತ್ತು. ಮೌಸ್, ಸಿ.ಡಿ., ಧ್ವನಿ ಕಾರ್ಡುಗಳ ಡ್ರೈವರುಗಳು ಒಂದೊಂದೂ ಅದೇ ಜಾಗದಲ್ಲಿ ಪಾಲು ಕೇಳುತ್ತಿದ್ದವು. 1991ರ ಎಂ.ಎಸ್. ಡಾಸ್ 5, ಡಾಸ್‌ನ ಒಂದು ಭಾಗವನ್ನೂ ಡ್ರೈವರುಗಳನ್ನೂ ಗೋಡೆಯ ಆಚೆಗೆ ಸಾಗಿಸಲು ಅನುವು ಮಾಡಿಕೊಟ್ಟಿತು. ಆಟಗಾರರು ಯಂತ್ರದ ಆರಂಭಿಕ ಕಡತಗಳನ್ನು ತೆರೆದು, ಸಾಲುಗಳ ಕ್ರಮ ಬದಲಿಸಿ, ಬೇಡದ್ದನ್ನು ಕೈಬಿಟ್ಟು, ಆಟಕ್ಕೆಂದೇ ಪ್ರತ್ಯೇಕ ಫ್ಲಾಪಿ ಸಿದ್ಧಪಡಿಸಿಕೊಂಡರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಗಾದೆ. ಇವರಾದರೋ ಹಾಸಿಗೆಯ ಮೇಲಿದ್ದ ಗಂಟುಮೂಟೆಗಳನ್ನು ಅಟ್ಟಕ್ಕೆ ಸಾಗಿಸಿ ಕಾಲು ಚಾಚಿದರು!

1993ರ ಡಿಸೆಂಬರಿನಲ್ಲಿ ಇಡ್ ಸಾಫ್ಟ್‌ವೇರ್ ಸಂಸ್ಥೆಯ 'ಡೂಮ್' ಬಂದಿತು. 386 ಪ್ರೊಸೆಸರಿನ ಸಂರಕ್ಷಿತ ವಿಧಾನವನ್ನು ಬಳಸಿ ಅದು ಆ ಗೋಡೆಯನ್ನು ದಾಟಿತು. ಈಗ ಕೊರತೆ ಜಾಗದ್ದಲ್ಲ, ಪ್ರೊಸೆಸರಿನ ಶಕ್ತಿಯದ್ದು. ಪರದೆಯ ಪ್ರತಿಯೊಂದು ಚುಕ್ಕೆಯನ್ನೂ ಅದೇ ಬರೆಯಬೇಕಾಗಿತ್ತು. ನಿಧಾನ ಯಂತ್ರವಿದ್ದವರು ಆಟದ ಚೌಕಟ್ಟನ್ನೇ ಕಿರಿದುಗೊಳಿಸಿ ವೇಗ ಪಡೆದರು. 1996ರಲ್ಲಿ ಅದೇ ಸಂಸ್ಥೆಯ 'ಕ್ವೇಕ್' ದಶಮಾಂಶ ಲೆಕ್ಕದಲ್ಲಿ ಚುರುಕಾದ ಪೆಂಟಿಯಂ ಪ್ರೊಸೆಸರನ್ನು ಬಯಸಿತು. ಅದೇ ವರ್ಷ ಬಂದ 3ಡಿಎಫ್ಎಕ್ಸ್ ಸಂಸ್ಥೆಯ 'ವೂಡೂ' ಕಾರ್ಡು ಮೂರು ಆಯಾಮದ ಚಿತ್ರ ಬರೆಯುವ ಕೆಲಸದ ಬಹುಪಾಲನ್ನು ಪ್ರೊಸೆಸರಿನ ಹೆಗಲಿನಿಂದ ಇಳಿಸಿತು. ಕುಂಟೆತ್ತು ಮತ್ತೆ ಬದಲಾಯಿತು.

1998ರ ಪ್ರಸಂಗವಂತೂ ಗಣಿತದ ಪಾಠದಂತಿದೆ. ಇಂಟೆಲ್‌ನ ಅಗ್ಗದ ಸೆಲೆರಾನ್ 300ಎ, ಮದರ್‌ಬೋರ್ಡು ಕೊಡುವ 66 ಮೆಗಾಹರ್ಟ್ಸನ್ನು ನಾಲ್ಕೂವರೆ ಪಟ್ಟು ಮಾಡಿಕೊಂಡು 300ರಲ್ಲಿ ಓಡುತ್ತಿತ್ತು. ಮದರ್‌ಬೋರ್ಡಿನಲ್ಲಿ 66ರ ಬದಲು 100 ಎಂದು ಹೊಂದಿಸಿದರೆ? 450! ಅದು ಆಗಿನ ದುಬಾರಿ ಪೆಂಟಿಯಂ 2ರ ಅತ್ಯುನ್ನತ ವೇಗ. ಎಲ್ಲ ಚಿಪ್ಪುಗಳೂ ಇದನ್ನು ತಾಳುತ್ತಿರಲಿಲ್ಲ. ಉಷ್ಣ ಹೆಚ್ಚುತ್ತಿತ್ತು, ವಾರಂಟಿಯ ಆಸೆ ಬಿಡಬೇಕಾಗುತ್ತಿತ್ತು. ಆದರೂ ಅನೇಕರು ಈ ಮಾರ್ಗದಿಂದ ಕಡಿಮೆ ಹಣದಲ್ಲಿ ಬಯಸಿದ ವೇಗ ಪಡೆದರು.

ಈ ಹಳೆಯ ವಿಷಯವನ್ನು ಇಂದು ಬರೆಯಲು ಕಾರಣವಿದೆ. ನಮ್ಮ ಬಂಧುವರ್ಗದ ಹುಡುಗನೊಬ್ಬ ಆಟ ತಡವರಿಸುತ್ತಿದೆಯೆಂದು ಹೊಸ ಯಂತ್ರಕ್ಕಾಗಿ ಹಟ ಹಿಡಿದಿದ್ದಾನೆ. ತಂದೆ ಕಂತಿನ ಸಾಲಕ್ಕೆ ಸಿದ್ಧರಾಗಿದ್ದಾರೆ. ಅವರಿಬ್ಬರಿಗೂ ನಾನು ಹೇಳಿದ್ದು, ಮೊದಲು ಕುಂಟೆತ್ತನ್ನು ಹುಡುಕಿ ಎಂದು. ಡೂಮ್ ಕಾಲದ ಉಪಾಯ ಇಂದಿಗೂ ಸಲ್ಲುತ್ತದೆ. ಆಟದಲ್ಲಿ ಪರದೆಯ ರೆಸೊಲ್ಯೂಷನ್ ತಗ್ಗಿಸಿ ನೋಡಬೇಕು. ವೇಗ ಚೆನ್ನಾಗಿ ಏರಿದರೆ ಗ್ರಾಫಿಕ್ಸ್ ಭಾಗ ಸೋಲುತ್ತಿದೆ. ಏರದಿದ್ದರೆ ಪ್ರೊಸೆಸರ್ ಅಥವಾ ಮೆಮೊರಿಯತ್ತ ನೋಡಬೇಕು. ಆರಂಭದಲ್ಲಿ ಚೆನ್ನಾಗಿ ಓಡಿ ಸ್ವಲ್ಪ ಹೊತ್ತಿನ ಬಳಿಕ ಬಳಲಿದರೆ, ಫ್ಯಾನಿನ ಧೂಳನ್ನು ಶಂಕಿಸಬೇಕು; ಇಂದಿನ ಚಿಪ್ಪುಗಳು ಕಾದಾಗ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಆಟ ತೆರೆದುಕೊಳ್ಳುವುದೇ ತಡವಾದರೆ, ಹಳೆಯ ಹಾರ್ಡ್‌ಡಿಸ್ಕಿನ ಬದಲು ಎಸ್.ಎಸ್.ಡಿ. ಹಾಕಿಸಿದರೆ ಸಾಕಾದೀತು.

ಇವುಗಳಲ್ಲಿ ಕೆಲವಕ್ಕೆ ಒಂದು ಕುಂಚ ಸಾಕು, ಕೆಲವಕ್ಕೆ ಸಣ್ಣ ಖರ್ಚು. ಎಲ್ಲವನ್ನೂ ಪರೀಕ್ಷಿಸಿದ ಮೇಲೆ ಹೊಸ ಯಂತ್ರವೇ ಬೇಕೆಂದಾದರೆ, ಆಗ ಕೊಳ್ಳುವುದು ವಿವೇಕವೇ. ಆದರೆ ಬಂಡಿ ನಿಧಾನವಾಯಿತೆಂದು ಎತ್ತುಗಳ ಕಾಲನ್ನೂ ನೋಡದೆ ಬಂಡಿಯನ್ನೇ ಮಾರುವ ರೈತನನ್ನು ನಾನಂತೂ ಕಂಡಿಲ್ಲ.