ಹೋಟೆಲಿನ ಬೆಂಚಿಗೂ ಒಂದು ಚರಿತ್ರೆ ಇದೆ



ಈ ವರ್ಷ ನಮ್ಮ ಯುವಕೂಟಕ್ಕೆ ಹೊಸ ಚಟವೊಂದು ಹತ್ತಿಕೊಂಡಿದೆ. ತಿಂಗಳಿಗೊಂದು ಭಾನುವಾರ, ಬಲಿಪೂಜೆಯೂ ಮೀಟಿಂಗೂ ಮುಗಿದ ಮೇಲೆ, ನಾವು ಆರೇಳು ಮಂದಿ ಬೈಕು ಹತ್ತಿ ಕಾಸರಗೋಡು ಪೇಟೆಗೆ ಹೋಗುತ್ತೇವೆ. ಅದುವರೆಗೆ ಒಳಹೊಕ್ಕದ ಒಂದು ಹೋಟೆಲಿನಲ್ಲಿ ತಿಂದು, ಹತ್ತರಲ್ಲಿ ಎಷ್ಟು ಅಂಕ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ಸಾಂಬಾರಿಗೆ ಬೇರೆ, ಚಟ್ನಿಗೆ ಬೇರೆ, ಪೊರೊಟದ ಪದರಕ್ಕೆ ಬೇರೆ, ಕೈತೊಳೆಯುವ ಜಾಗಕ್ಕೆ ಬೇರೆ ಅಂಕ. ಒಂದು ಕಡೆಯ ಗೋಳಿಬಜೆಗೆ ಒಂಬತ್ತು ಕೊಟ್ಟ ಸಲುವಾಗಿ ನಮ್ಮೊಳಗೇ ಜಗಳವಾಗಿದೆ. (ಹೋಟೆಲುಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಕಪಟ್ಟಿ ಬೇಕಾದವರು ಮೀಟಿಂಗಿಗೆ ಬನ್ನಿ!)

ಈ ಪುಸ್ತಕವನ್ನು ನಮ್ಮ ಚರ್ಚಿನ ಹಿರಿಯರೊಬ್ಬರಿಗೆ ತೋರಿಸಿದೆವು. ಎಂಬತ್ತು ದಾಟಿದವರು, ತಿಂಡಿಯ ವಿಷಯದಲ್ಲಿ ನಮಗಿಂತ ಆಸೆಯವರು. ಕನ್ನಡಕ ಹಾಕಿಕೊಂಡು ಒಂದು ಪುಟವನ್ನೂ ಬಿಡದೆ ಓದಿದರು. ಕೊನೆಗೆ, "ಎಲ್ಲ ಬರೆದಿದ್ದೀರಿ ಮಕ್ಕಳೇ, ಒಳಗೆ ಕೂತು ತಿಂದೆವು ಅಂತ ಮಾತ್ರ ಬರೆದಿಲ್ಲ" ಅಂದರು. ನಮಗೆ ಅರ್ಥವಾಗಲಿಲ್ಲ. ಹೋಟೆಲಿಗೆ ಹೋದ ಮೇಲೆ ಒಳಗೆ ಕೂರದೆ ಇನ್ನೆಲ್ಲಿ ಕೂರುವುದು?

ಆಗ ಅವರು ಹೇಳಿದರು. ಚಿಕ್ಕವರಿದ್ದಾಗ ಅಪ್ಪನ ಜೊತೆ ಅಡಿಕೆ ಮಾರಲು ಪೇಟೆಗೆ ಬರುತ್ತಿದ್ದರಂತೆ. ಅಡಿಕೆ ಮೂಟೆ ಹೊತ್ತು ತರುವವರು ಬೇರೆ. ಮಾರಾಟ ಮುಗಿದ ಮೇಲೆ ಹೋಟೆಲು. ಅಪ್ಪ, ಮಗ ಒಳಗೆ ಬೆಂಚಿನ ಮೇಲೆ ಕೂತು ದೋಸೆ ತಿನ್ನುತ್ತಿದ್ದರು. ಮೂಟೆ ಹೊತ್ತವರು ಹಿತ್ತಿಲ ಬದಿಯಲ್ಲಿ ನಿಲ್ಲುತ್ತಿದ್ದರು. ಅವರಿಗೆ ಚಹಾ ಗೆರಟೆಯಲ್ಲಿ, ಅದೂ ಮೇಲಿನಿಂದ ಹೊಯ್ಯುವುದು. ಕುಡಿದಾದ ಮೇಲೆ ಗೆರಟೆಯನ್ನು ಅವರೇ ತೊಳೆದು ಬೇಲಿಗೆ ಸಿಕ್ಕಿಸಿ ಹೋಗಬೇಕು. "ನನಗೆ ಆಗ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ದೋಸೆ ಮಾತ್ರ ಕಾಣುತ್ತಿತ್ತು" ಅಂದರು.

ಅಂಕದ ಪುಸ್ತಕ ಅಲ್ಲಿಗೆ ನಿಂತಿತು. ನಾವು ಕೂರುವ ಬೆಂಚು ಎಲ್ಲಿಂದ ಬಂತು ಎಂದು ತಿಳಿಯುವ ಆಸೆ ಹುಟ್ಟಿತು. ಓದಿದ್ದನ್ನೂ ಕೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇವೆ.

ದುಡ್ಡು ಕೊಟ್ಟು ಅನ್ನ ಉಣ್ಣುವ ಜಾಗ ನಮ್ಮ ನಾಡಿನಲ್ಲಿ ಬಹಳ ಹಳೆಯದಲ್ಲ. ಅನ್ನ ಮಾರುವುದೇ ಒಂದು ಕಾಲದಲ್ಲಿ ನಾಚಿಕೆಯ ಕೆಲಸ. ದೂರ ಹೋಗುವವರು ಬುತ್ತಿ ಕಟ್ಟಿಕೊಳ್ಳುತ್ತಿದ್ದರು, ಇಲ್ಲವೇ ತಮ್ಮವರ ಮನೆಯಲ್ಲಿ ತಂಗುತ್ತಿದ್ದರು. ದೇವಸ್ಥಾನದ ಊಟ, ಛತ್ರದ ಊಟ ಇತ್ತು, ಆದರೆ ಅಲ್ಲಿ ಪಂಕ್ತಿ ಇತ್ತು. ಯಾರ ಪಕ್ಕ ಯಾರು ಕೂರಬೇಕು ಎಂಬುದು ಎಲೆ ಹಾಕುವ ಮೊದಲೇ ತೀರ್ಮಾನವಾಗಿರುತ್ತಿತ್ತು.

ಇದನ್ನೆಲ್ಲ ಅಲುಗಾಡಿಸಿದ್ದು ರೈಲು. ಮಲಬಾರಿನಿಂದ ಬಂದ ಹಳಿ ಕಾಸರಗೋಡನ್ನು ದಾಟಿ 1907ರಲ್ಲಿ ಮಂಗಳೂರು ಮುಟ್ಟಿತು. ಆಗ ನಾವು ದಕ್ಷಿಣ ಕನ್ನಡ ಜಿಲ್ಲೆ, ಮದರಾಸು ಪ್ರಾಂತ್ಯ. ಒಂದೇ ಡಬ್ಬಿಯಲ್ಲಿ ಎಲ್ಲ ಜಾತಿಯವರು ಕೂತು ಬಂದು, ಒಂದೇ ಸ್ಟೇಶನ್ನಿನಲ್ಲಿ, ಒಂದೇ ಹೊತ್ತಿಗೆ ಹಸಿದು ಇಳಿದರೆ ಅವರಿಗೆ ಬಡಿಸುವುದು ಹೇಗೆ? ಸ್ಟೇಶನ್ನಿನ ಊಟದ ಕೋಣೆಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ ಇಟ್ಟು ಈ ಪ್ರಶ್ನೆಗೆ ಉತ್ತರ ಕೊಟ್ಟರು. ಪೆರಿಯಾರ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ವಿರೋಧಿಸಿದ ಮೇಲೆ 1941ರಲ್ಲಿ ಆ ಬೇರ್ಪಾಡು ಹೋಯಿತು. ಒಂದೇ ರೈಲು, ಒಂದೇ ಹೊಗೆ, ಆದರೆ ಇಡ್ಲಿಗೆ ಮಾತ್ರ ಎರಡು ಕೋಣೆ!

ಪೇಟೆಯ ಹೋಟೆಲಿನ ಕಥೆ ಇನ್ನೂ ಸ್ವಾರಸ್ಯದ್ದು. ಉಡುಪಿ, ಕುಂದಾಪುರ ಕಡೆಯ ಬ್ರಾಹ್ಮಣರು ಹೋಟೆಲು ಉದ್ಯಮಕ್ಕೆ ಇಳಿದರು. ಬ್ರಾಹ್ಮಣ ಮಾಡಿದ ಅಡುಗೆಯನ್ನು ಯಾರು ತಿಂದರೂ ಅವರ ಜಾತಿ ಕೆಡುವುದಿಲ್ಲ ಎಂಬುದು ಆಗಿನ ಲೆಕ್ಕ. ಹಾಗಾಗಿ ಈ ಅಡುಗೆಗೆ ಗಿರಾಕಿಗಳು ಎಲ್ಲ ಕಡೆಯಿಂದ ಬಂದರು. ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣ್ ಕಾಫಿ ಕ್ಲಬ್. ನಮ್ಮ ಜಿಲ್ಲೆಯ ಕಡಂದಲೆಯಿಂದ ಹೋದ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಇಂದು ಲೋಕವೆಲ್ಲ ತಿನ್ನುವ ಮಸಾಲೆದೋಸೆಗೆ ದಾರಿ ಮಾಡಿದವರು ಇಂಥವರು. ಇವರಲ್ಲಿ ಎಷ್ಟೋ ಮಂದಿ ಹತ್ತು ಹನ್ನೆರಡರ ಪ್ರಾಯದಲ್ಲಿ ಬಡತನದಿಂದ ಮನೆ ಬಿಟ್ಟು ಬಂದು, ಲೋಟ ತೊಳೆದು, ಅಕ್ಕಿ ರುಬ್ಬಿ ಮೇಲೆ ಬಂದವರು ಎಂಬುದನ್ನೂ ಹೇಳಬೇಕು. ನಮ್ಮ ಕರಾವಳಿಯಲ್ಲಿ ಹೋಟೆಲಿನ ಹುಡುಗನಿಗೆ 'ಮಾಣಿ' ಎನ್ನುತ್ತಾರಲ್ಲ, ಬ್ರಾಹ್ಮಣರ ಮನೆಮಾತಿನಲ್ಲಿ ಮಾಣಿ ಎಂದರೆ ಹುಡುಗ, ಅಷ್ಟೇ. ಮನೆಯ ಮಗು ಟೇಬಲ್ಲು ಒರೆಸುವವನಾದ ಕಥೆ ಆ ಒಂದು ಶಬ್ದದಲ್ಲಿದೆ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ನಮ್ಮಲ್ಲಿ ಕೆಲವರು ಆಗ ಒಂದನೇ ಕ್ಲಾಸಿನಲ್ಲಿದ್ದೆವು.

ಅಡುಗೆ ಎಲ್ಲರಿಗೂ ಆಗುತ್ತಿತ್ತು, ಬೆಂಚು ಆಗುತ್ತಿರಲಿಲ್ಲ. ಗಂಟು ಇದ್ದದ್ದು ಅಲ್ಲಿ. ಕೆಲವು ಕಡೆ ಬ್ರಾಹ್ಮಣರಿಗೆ ಒಳಕೋಣೆ, ಉಳಿದವರಿಗೆ ಹೊರಗಿನ ಬೆಂಚು, ದಲಿತರಿಗೆ ಹಿತ್ತಿಲು. 1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಅದರ 15ನೇ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಹೆಸರೆತ್ತಿ, ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಯಾರನ್ನೂ ತಡೆಯಬಾರದು ಎಂದು ಬರೆದರು. ನಾವು ಶಾಲೆಯಲ್ಲಿ ಈ ವಿಧಿಯನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರು. ದೇಶದ ಅಷ್ಟು ದೊಡ್ಡ ಪುಸ್ತಕದಲ್ಲಿ ಹೋಟೆಲಿಗೇಕೆ ಜಾಗ ಎಂದು ಆಗ ಒಬ್ಬರೂ ಕೇಳಲಿಲ್ಲ. ಗೆರಟೆಯ ವಿಷಯ ಗೊತ್ತಿದ್ದರೆ ಕೇಳಬೇಕಾಗಿಯೇ ಇರಲಿಲ್ಲ.

1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಆದರೂ ಗೆರಟೆ ಮರುದಿನವೇ ಮಾಯವಾಗಲಿಲ್ಲ. ಮೊದಲು ಗೆರಟೆ ಹೋಗಿ ಗ್ಲಾಸು ಬಂತು, ಆದರೆ ಆ ಗ್ಲಾಸು ಬೇರೆ ಮೊಳೆಗೆ ತೂಗುತ್ತಿತ್ತು ಎಂದು ಹಿರಿಯರು ನೆನೆಯುತ್ತಾರೆ. ಬೋರ್ಡುಗಳ ಕಥೆಯೂ ಹಾಗೆಯೇ. ಮದರಾಸಿನ ಮುರಳಿ ಕೆಫೆ ಎಂಬ ಹೋಟೆಲಿನ ಬೋರ್ಡಿನಿಂದ 'ಬ್ರಾಹ್ಮಣ' ಎಂಬ ಒಂದು ಶಬ್ದ ಅಳಿಸಲು ಪೆರಿಯಾರ್ ಅವರ ಕಡೆಯವರು 1957ರಲ್ಲಿ ದಿನವೂ ಹೋಗಿ ಬಂಧನಕ್ಕೊಳಗಾಗುತ್ತಿದ್ದರು. ತಿಂಗಳುಗಟ್ಟಲೆ ನಡೆದ ಮೇಲೆ ಶಬ್ದ ಅಳಿಯಿತು.

ಅಷ್ಟರಲ್ಲಿ ನಮ್ಮ ಪೇಟೆ ಮದರಾಸಿನದ್ದಾಗಿ ಉಳಿದಿರಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ನೋವಿನ ಬಗ್ಗೆ ನಮ್ಮ ಹಿರಿಯರು ಬೇಕಾದಷ್ಟು ಬರೆದಿದ್ದಾರೆ. ನಾವು ಹೋಟೆಲಿನ ಕಡೆಯಿಂದ ಒಂದೇ ಮಾತು ಹೇಳುತ್ತೇವೆ. ರಾಜ್ಯದ ಗಡಿ ಸರಿಯಿತು, ಆದರೆ ನಮ್ಮ ಮಂಗಳೂರು ಧರ್ಮಪ್ರಾಂತ್ಯದ ಗಡಿ ಸರಿಯಲಿಲ್ಲ, ದೋಸೆಕಾವಲಿಯದ್ದೂ ಸರಿಯಲಿಲ್ಲ. ಇವತ್ತಿಗೂ ಪೇಟೆಯ ಒಂದು ಬದಿಯಲ್ಲಿ ಗೋಳಿಬಜೆ, ಬನ್ಸ್, ನೀರ್ದೋಸೆ. ಅಲ್ಲಿಂದ ಕೂಗಳತೆಯಲ್ಲಿ ಪತ್ತಿರಿ, ನೆಯ್ಚೋರು, ಪಳಂಪೊರಿ, ಗಾಜಿನ ಲೋಟದಲ್ಲಿ ಸುಲೈಮಾನಿ. ಒಂದೇ ಮೇಜಿನಲ್ಲಿ ಆರ್ಡರು ತುಳುವಿನಲ್ಲಿ, ಜಗಳ ಕೊಂಕಣಿಯಲ್ಲಿ, ಬಿಲ್ಲು ಮಲೆಯಾಳದಲ್ಲಿ. ಸಪ್ತಭಾಷೆಗಳ ನಾಡು ಎಂದು ಭಾಷಣದಲ್ಲಿ ಕೇಳಿದ್ದು ಸಾಕಾಗಿದ್ದರೆ ಹಳೆ ಬಸ್‌ಸ್ಟ್ಯಾಂಡ್ ಬದಿಯ ಒಂದು ಚಹಾದಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಸಾಕು.

ಮಲಬಾರಿನ ಚಹಾದಂಗಡಿಯದ್ದು ಬೇರೆಯೇ ದಾರಿ. ಉದ್ದ ಬೆಂಚು, ಒಂದು ಪತ್ರಿಕೆ, ಹತ್ತು ಮಂದಿ ಓದುಗರು, ಇಪ್ಪತ್ತು ಮಂದಿ ವಾದಿಗಳು. ಅಲ್ಲೂ ಎಲ್ಲ ಸುಲಭವಾಗಿ ಆಗಲಿಲ್ಲ. ಕೊಚ್ಚಿ ಹತ್ತಿರದ ಚೆರಾಯಿಯಲ್ಲಿ 1917ರ ಮೇ 29ರಂದು ಅಯ್ಯಪ್ಪನ್ ಎಂಬ ಈಳವ ಯುವಕ, ಪ್ರಾಯ ಇಪ್ಪತ್ತೇಳು, ಪುಲಯರ ಜೊತೆ ಕೂತು ಸಹಭೋಜನ ಮಾಡಿಸಿದರು. ಅವರ ಸ್ವಂತ ಜಾತಿಯವರೇ 'ಪುಲಯನ್ ಅಯ್ಯಪ್ಪನ್' ಎಂದು ಹಂಗಿಸಿದರು. ಅವರು ಅದನ್ನು ಬಿರುದು ಎಂದುಕೊಂಡರು. ಮುಂದೆ ಸಹೋದರನ್ ಅಯ್ಯಪ್ಪನ್ ಎಂದು ಹೆಸರಾದರು, ಮಂತ್ರಿಯೂ ಆದರು. ನಮ್ಮ ಗುಂಪಿನ ಪ್ರಾಯದವರು ಒಂದು ಊಟದಿಂದ ಇಷ್ಟು ಗಲಾಟೆ ಎಬ್ಬಿಸಬಹುದು ಎಂದು ನಮಗೆ ಗೊತ್ತಿರಲಿಲ್ಲ.

ಹೆಣ್ಣುಮಕ್ಕಳ ಕಥೆ ಇನ್ನೊಂದು. ನಮ್ಮ ಗುಂಪಿನಲ್ಲಿ ಮೂವರು ಹುಡುಗಿಯರು. ಅವರಲ್ಲಿ ಒಬ್ಬಳ ಅಜ್ಜಿ ಹೋಟೆಲಿನಲ್ಲಿ ಮೊದಲ ಸಲ ಕೂತದ್ದು ಮಗಳ ಮದುವೆಯ ಜವಳಿಗೆ ಮಂಗಳೂರಿಗೆ ಹೋದ ದಿನ, ಅದೂ ಪರದೆ ಬಿಟ್ಟ ಫ್ಯಾಮಿಲಿ ರೂಮಿನಲ್ಲಿ. ಮಸಾಲೆದೋಸೆಯ ರುಚಿ ನೆನಪಿಲ್ಲ, ಪರದೆಯ ಬಣ್ಣ ನೆನಪಿದೆ ಎಂದು ಹೇಳುತ್ತಾರೆ. ಮನೆಯಲ್ಲಿ ಅಡುಗೆಯೆಲ್ಲ ಹೆಂಗಸರದ್ದು, ಹೋಟೆಲಿನಲ್ಲಿ ಒಲೆಯಿಂದ ಗಲ್ಲಾದವರೆಗೆ ಗಂಡಸರದ್ದು, ಇದೆಂಥ ಲೆಕ್ಕವೋ! ಕುಟುಂಬಶ್ರೀಯ ಹೆಂಗಸರು ನಡೆಸುವ ಹೋಟೆಲುಗಳು ಬಂದ ಮೇಲೆ ಇದು ಸ್ವಲ್ಪ ಬದಲಾಗಿದೆ. 2020ರಲ್ಲಿ ಶುರುವಾದ ಜನಕೀಯ ಹೋಟೆಲುಗಳಲ್ಲಿ ಇಪ್ಪತ್ತು ರೂಪಾಯಿಗೆ ಊಟ ಬಡಿಸಿದವರೂ ದುಡ್ಡು ಎಣಿಸಿದವರೂ ಅವರೇ. ನಾವು ಉಂಡ ಒಂದು ಕಡೆಯ ಮೀನುಸಾರಿಗೆ ಹತ್ತಕ್ಕೆ ಹತ್ತು ಬಿದ್ದಿದೆ, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಬೈಬಲಿನಲ್ಲಿಯೂ ಊಟದ ಬೆಂಚಿನ ಜಗಳವೊಂದಿದೆ. ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ತೆರೆದು ನೋಡಿ. ಅಂತಿಯೋಕ್ಯದಲ್ಲಿ ಪೇತ್ರರು ಅನ್ಯಜನರ ಜೊತೆ ಕೂತು ಊಟ ಮಾಡುತ್ತಿದ್ದರು. ಯೆರೂಸಲೇಮಿನ ಕಡೆಯಿಂದ ಕೆಲವರು ಬಂದರು ಎಂದಾಗ ಹೆದರಿ ಮೆಲ್ಲಗೆ ಎದ್ದು ಬೇರೆ ಕೂತರು. ಪೌಲರು ಎಲ್ಲರೆದುರು ಅವರನ್ನು ತರಾಟೆಗೆ ತೆಗೆದುಕೊಂಡರು. ಸಭೆಯ ಇಬ್ಬರು ದೊಡ್ಡವರು ಬಹಿರಂಗವಾಗಿ ಮುಖಾಮುಖಿಯಾದದ್ದು ಯಾರ ಜೊತೆ ಕೂತು ತಿನ್ನುವುದು ಎಂಬ ವಿಷಯಕ್ಕೆ. ಈ ಅಧ್ಯಾಯವನ್ನು ನಮ್ಮ ಸ್ಟಡಿ ಸರ್ಕಲ್‌ನಲ್ಲಿ ಓದಿದಾಗ, ಹಿತ್ತಿಲಿನ ಗೆರಟೆ ಬೇರೆಯವರ ಪಾಪ ಎಂದು ಹೇಳಿಬಿಡಲು ಒಬ್ಬ ಹೊರಟ. ಇನ್ನೊಬ್ಬಳು, "ನಮ್ಮ ಮನೆಗಳಲ್ಲಿ ಸಂಬಂಧ ನೋಡುವಾಗ ಬಾಮಣರೋ ಚಾರಡಿಯೋ ಸುದಿರೋ ಅಂತ ಕೇಳುವುದಿಲ್ಲವಾ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ. ಮೂಟೆ ಹೊತ್ತವರನ್ನು ಹಿತ್ತಿಲಲ್ಲಿ ಬಿಟ್ಟು ಒಳಗೆ ಕೂತ ಆ ಅಪ್ಪ, ಮಗ ನಮ್ಮವರೇ.

ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ಕಳೆದ ತಿಂಗಳು ಮತ್ತೆ ಹೋಟೆಲಿಗೆ ಹೋದೆವು. ತುಪ್ಪದ ದೋಸೆ ತಂದಿಟ್ಟ ಹುಡುಗನ ಮುಖ ಎಲ್ಲೋ ನೋಡಿದ ಹಾಗಿತ್ತು. ಈಗ ನಮ್ಮ ಪೇಟೆಯ ಹೋಟೆಲುಗಳಲ್ಲಿ ಉಡುಪಿಯ ಮಾಣಿಗಳು ಕಡಿಮೆ. ಬಂಗಾಳ, ಅಸ್ಸಾಂ, ಒಡಿಶಾ, ಜಾರ್ಖಂಡಿನವರು ಹೆಚ್ಚು. ಕೇರಳದಲ್ಲಿ ಅವರನ್ನು ಅತಿಥಿ ಕೆಲಸಗಾರರು ಎಂದು ಕರೆಯುತ್ತಾರೆ. ಹೆಸರೇನೋ ಚೆಂದ. ಹುಡುಗನ ಕುತ್ತಿಗೆಯಲ್ಲಿ ಕಪ್ಪು ದಾರ, ಅದರಲ್ಲಿ ಸಣ್ಣ ಶಿಲುಬೆ. ಎಲ್ಲಿಯವನು ಎಂದು ನಮ್ಮ ಹರಕು ಹಿಂದಿಯಲ್ಲಿ ಕೇಳಿದೆವು. ಒಡಿಶಾ ಎಂದ. ಚರ್ಚಿಗೆ ಹೋಗುತ್ತೀಯಾ ಎಂದರೆ, "ನಿಮ್ಮ ಚರ್ಚಿಗೇ ಬರುತ್ತೇನೆ ಭಯ್ಯಾ, ಮೊದಲ ಪೂಜೆಗೆ. ನೀವು ಹಾಡುವವರ ಸಾಲಿನಲ್ಲಿ ನಿಲ್ಲುತ್ತೀರಿ, ನಾನು ಹಿಂದೆ ಬಾಗಿಲ ಹತ್ತಿರ" ಅಂದ. ಎಂಟು ತಿಂಗಳಿನಿಂದ ಬರುತ್ತಿದ್ದಾನಂತೆ. ನಮ್ಮಲ್ಲಿ ಒಬ್ಬರೂ ಅವನನ್ನು ಮಾತಾಡಿಸಿರಲಿಲ್ಲ.

ನೀನೂ ಕೂತುಕೋ, ಒಂದು ದೋಸೆ ತಿನ್ನು ಎಂದೆವು. ಅವನು ಗಲ್ಲಾದ ಕಡೆ ನೋಡಿ ನಕ್ಕ. ಡ್ಯೂಟಿಯಲ್ಲಿ ಕೂರುವ ಹಾಗಿಲ್ಲ, ತನ್ನ ಊಟ ನಾಲ್ಕು ಗಂಟೆಗೆ ಎಂದ. ಹಾಗಾದರೆ ಎಲ್ಲಿ ಕೂತು ಉಣ್ಣುತ್ತೀ ಎಂದು ಕೇಳಿದಾಗ ಬೆರಳಿನಿಂದ ಹಿತ್ತಿಲ ಬಾಗಿಲು ತೋರಿಸಿದ.

ಎರಡನೇ ಭಾನುವಾರ ಮಧ್ಯಾಹ್ನ ಅವನಿಗೆ ರಜೆ ಇದೆಯಂತೆ. ಈ ಸಲದ ಸುತ್ತಾಟವನ್ನು ಆ ದಿನಕ್ಕೆ ಇಟ್ಟಿದ್ದೇವೆ. ಹೋಟೆಲು ಆರಿಸುವವನು ಅವನು. ರೂಮಿನಲ್ಲಿ ಜೊತೆಗಿರುವ ಇಬ್ಬರನ್ನೂ ಕರೆತರುತ್ತೇನೆ ಎಂದಿದ್ದಾನೆ. ಬೈಕುಗಳಲ್ಲಿ ಜಾಗ ಸಾಲದು, ಜೀಪು ಇರುವವರು ಯಾರಾದರೂ ಶನಿವಾರದೊಳಗೆ ತಿಳಿಸಿ.